ಒಂದೇ ಕೆಂಪು ದೀಪ

ನಾನು ಆರು ವರ್ಷ ಸರಕು ಹಡಗುಗಳಲ್ಲಿ ಎಲೆಕ್ಟ್ರಿಕಲ್ ಆಫೀಸರ್ ಆಗಿದ್ದೆ. ಮಧುಗಿರಿಯಲ್ಲಿ ಇದನ್ನು ಯಾರಿಗಾದರೂ ಹೇಳಿದರೆ ಮೊದಲು ನಗುತ್ತಾರೆ, ಆಮೇಲೆ ಅಂಥ ಕೆಲಸ ಬಿಟ್ಟು ಯಾಕೆ ಬಂದೆ ಎಂದು ಕೇಳುತ್ತಾರೆ. ಸಮುದ್ರ ಒಗ್ಗಲಿಲ್ಲ ಎಂದು ಹೇಳಿ ಮಾತು ಮುಗಿಸುತ್ತೇನೆ. ಅದು ಸುಳ್ಳು. ಸಮುದ್ರ ನನಗೆ ಚೆನ್ನಾಗಿಯೇ ಒಗ್ಗಿತ್ತು. ಬಿರುಗಾಳಿಯಲ್ಲೂ ಒಂದು ಹೊತ್ತಿನ ಊಟ ಬಿಟ್ಟವಳಲ್ಲ ನಾನು.

ಈಗ ಪಾವಗಡದ ಕಡೆ ಸೋಲಾರ್ ಪಾರ್ಕಿನಲ್ಲಿ ಕೆಲಸ ಮಾಡುತ್ತೇನೆ. ಬೆಳಿಗ್ಗೆ ಮಧುಗಿರಿಯಿಂದ ಜೀಪು ಕರೆದುಕೊಂಡು ಹೋಗುತ್ತದೆ. ಕ್ಯಾತಗಾನಚೆರ್ಲು ಹತ್ತಿರವಾಗುತ್ತಿದ್ದಂತೆ ಎರಡೂ ಕಡೆ ಸೋಲಾರ್ ಫಲಕಗಳು ಶುರುವಾಗುತ್ತವೆ. ಹೊಸದಾಗಿ ಬಂದವರು ಅದನ್ನು ನೋಡಿ “ಸಮುದ್ರ ಇದ್ದಂಗೈತೆ” ಅನ್ನುತ್ತಾರೆ. ನಾನು ಅವತ್ತಿನ ಕೆಲಸದ ಪಟ್ಟಿ ತೆರೆಯುತ್ತೇನೆ.

ನನ್ನ ಅಪ್ಪ ಲೈನ್‌ಮನ್ ಆಗಿದ್ದವರು. ಐ.ಡಿ.ಹಳ್ಳಿ ಸುತ್ತಮುತ್ತ ಅವರು ಹತ್ತದ ಕಂಬವಿಲ್ಲ. ನಾನು ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಓದಿ, ಹಡಗಿನ ಕೋರ್ಸಿಗೆ ಹೋಗುತ್ತೇನೆ ಎಂದಾಗ ಅವರು ಪಕ್ಕದ ಮನೆಯವರಿಗೆಲ್ಲ ಕೇಳುವಂತೆ ನಕ್ಕಿದ್ದರು. “ನಮ್ಮೂರ ಕೆರೇಲಿ ಎಮ್ಮೆ ಮುಳುಗೋವಷ್ಟು ನೀರಿಲ್ಲ, ಇವ್ಳು ಸಮುದ್ರಕ್ಕೋಯ್ತಾಳಂತೆ!” ಆದರೆ ಹೊರಟ ದಿನ ನನ್ನ ಪೆಟ್ಟಿಗೆ ಅವರೇ ಹೊತ್ತುಕೊಂಡು ಬಸ್ ಸ್ಟ್ಯಾಂಡಿಗೆ ಬಂದರು. ಬಸ್ಸಿನ ಕಿಟಕಿ ಹಿಡಿದು ಹೇಳಿದ್ದು ಒಂದೇ ಮಾತು.

“ನೋಡಮ್ಮ, ಕಂಬ ಹತ್ತೋಕ್ ಮುಂಚೆ ಫ್ಯೂಜು ಕಿತ್ತು ಜೇಬಿಗಾಕ್ಕೊ. ಕರೆಂಟ್ ತೆಗ್ದಿದೀನಿ ಅಂತ ಯಾರೇಳಿದ್ರೂ ನಂಬಬ್ಯಾಡ.”

ಆ ಮಾತನ್ನು ನಾನು ಸಮುದ್ರದ ಮೇಲೂ ಪಾಲಿಸಿದೆ. ಆ ಕಾರಣಕ್ಕೆ ನನಗಾಗಲಿ ನನ್ನ ಜೊತೆ ಕೆಲಸ ಮಾಡಿದವರಿಗಾಗಲಿ ಒಂದು ಸಲವೂ ಶಾಕ್ ಹೊಡೆಯಲಿಲ್ಲ. ನಾನು ತಪ್ಪಿದ್ದು ಬೇರೆ ಕಡೆ.

ಹಡಗಿನಲ್ಲಿ ನನ್ನ ಪಾಲಿನ ಕೆಲಸಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ದೀಪಗಳ ಕೆಲಸ. ಹಡಗಿನ ಹೊರಗಿನ ದೀಪ ಇರುವುದು ಹಡಗಿನವರಿಗೆ ಬೆಳಕು ಕೊಡಲಿಕ್ಕಲ್ಲ. ಎದುರಿಗೆ ಬರುವವರಿಗೆ ನಾವು ಯಾವ ಕಡೆ ಮುಖ ಮಾಡಿದ್ದೇವೆ, ಏನು ಮಾಡುತ್ತಿದ್ದೇವೆ ಎಂದು ತಿಳಿಸಲಿಕ್ಕೆ. ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಹಿಂದೆ ಬಿಳಿ, ಹಡಗಿನ ಎತ್ತರದ ಕಂಬದ ಮೇಲೆ ಬಿಳಿ. ಎಂಜಿನ್ ಕೆಟ್ಟು ಹಡಗು ಹಿಡಿತ ತಪ್ಪಿದರೆ ಇವನ್ನು ಆರಿಸಿ, ಕಂಬದಲ್ಲಿ ಒಂದರ ಕೆಳಗೊಂದು ಎರಡು ಕೆಂಪು ದೀಪ ಹಾಕಬೇಕು. ನಮ್ಮ ಕೈಯಲ್ಲಿ ಏನೂ ಇಲ್ಲ, ನೀವೇ ತಪ್ಪಿಸಿಕೊಂಡು ಹೋಗಿ ಎಂದು ಅದರ ಅರ್ಥ. ಎರಡೂ ಉರಿಯಬೇಕು. ಒಂದೇ ಉರಿದರೆ, ಎಡಗಡೆಯ ಕೆಂಪು ತೋರಿಸುತ್ತ ಹೋಗುತ್ತಿರುವ ಯಾವುದೋ ಸಣ್ಣ ದೋಣಿ ಎಂದು ನೋಡಿದವರು ತಿಳಿದುಕೊಳ್ಳಬಹುದು.

ಇವಲ್ಲದೆ ಕೈಯಲ್ಲಿ ಹಿಡಿದು ಮಿನುಗಿಸುವ ಸಿಗ್ನಲ್ ಲ್ಯಾಂಪ್ ಒಂದಿರುತ್ತದೆ. ಹಡಗು ನಡೆಸುವ ಕೋಣೆಯಲ್ಲಿ, ಅಂದರೆ ಬ್ರಿಜ್‌ನಲ್ಲಿ, ಅದರ ಪೆಟ್ಟಿಗೆ. ಹಗಲು ಹೊತ್ತಿನಲ್ಲೂ ಮೈಲಿಗಟ್ಟಲೆ ದೂರಕ್ಕೆ ಕಾಣುವಷ್ಟು ಪ್ರಖರ. ಅದರ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಕಡೆ ಕಾದು ಒಡೆಯುತ್ತದೆ. ಉರಿಯುತ್ತಿರುವಾಗ ನೇರ ನೋಡಬಾರದು, ಯಾರ ಮುಖಕ್ಕೂ ಹಿಡಿಯಬಾರದು. ಆರಿಸಿದ ತಕ್ಷಣ ಬಟ್ಟೆಯ ಮೇಲೆ ಇಡಬಾರದು. ಹಡಗಿನ ಕರೆಂಟು ಪೂರ್ತಿ ಹೋದರೂ ಉರಿಯಬೇಕಾದ ದೀಪವಾದ್ದರಿಂದ ಅದಕ್ಕೆ ತನ್ನದೇ ಬ್ಯಾಟರಿ. ಆ ಬ್ಯಾಟರಿಯನ್ನು ಸುಮ್ಮನೆ ಚಾರ್ಜಿಗೆ ಹಾಕಿಟ್ಟರೆ ಸಾಲದು. ಆಗಾಗ ದೀಪ ಉರಿಸಿ, ಗಡಿಯಾರ ಹಿಡಿದು, ಎಷ್ಟು ಹೊತ್ತು ತಡೆಯುತ್ತದೆ ನೋಡಬೇಕು.

ಕಂಬದ ದೀಪಗಳ ಶತ್ರು ಉಪ್ಪು. ವೈರು ಒಳಗೆ ಹೋಗುವ ಜಾಗದಲ್ಲಿ ರಬ್ಬರ್ ಬಿರುಕು ಬಿಟ್ಟರೆ ಸಾಕು, ತಿಂಗಳೊಳಗೆ ಹೋಲ್ಡರ್ ಹಸಿರುಗಟ್ಟುತ್ತದೆ. ಬಿಚ್ಚಿ, ಸಿಹಿನೀರಿನಲ್ಲಿ ಅದ್ದಿದ ಮೆತ್ತನೆ ಬಟ್ಟೆಯಲ್ಲಿ ಗಾಜು ಒರೆಸಿ, ಒಣಗಿಸಿ, ರಬ್ಬರ್ ಬದಲಿಸಿ, ಅದೇ ಜಾತಿಯ ಬಲ್ಬು ಹಾಕಿ ಮುಚ್ಚಬೇಕು. ಆದರೆ ಅಲ್ಲಿಗೆ ಹತ್ತುವುದಕ್ಕೆ ಮುಂಚೆ ರೇಡಾರ್ ನಿಲ್ಲಿಸಿರಬೇಕು, ಏಕೆಂದರೆ ಅದರ ದೊಡ್ಡ ರೆಕ್ಕೆ ಅಲ್ಲೇ ಪಕ್ಕದಲ್ಲಿ ತಿರುಗುತ್ತಿರುತ್ತದೆ. ಹಾರ್ನ್ ಬಂದ್ ಮಾಡಿರಬೇಕು. ಸೇಫ್ಟಿ ಬೆಲ್ಟ್ ಕಟ್ಟಿರಬೇಕು. ಕೆಳಗೊಬ್ಬರು ನಿಂತಿರಬೇಕು. ಇಷ್ಟಕ್ಕೆಲ್ಲ ಕ್ಯಾಪ್ಟನ್ನರ ಒಪ್ಪಿಗೆ ಬೇಕು.

ನನ್ನ ಕೊನೆಯ ಹಡಗಿನ ಕ್ಯಾಪ್ಟನ್ ಕೆಟ್ಟವರಾಗಿದ್ದರೆ ನಾನು ಕೆಟ್ಟುಹೋಗುತ್ತಿರಲಿಲ್ಲ. ಆ ಹಡಗಿನಲ್ಲಿ ಇದ್ದವಳು ನಾನೊಬ್ಬಳೇ ಹೆಂಗಸು. ಮೊದಲ ತಿಂಗಳಲ್ಲೇ ಎಂಜಿನ್ ರೂಮಿನವನೊಬ್ಬ ನನ್ನ ಕ್ಯಾಬಿನ್ ಬಾಗಿಲು ತಟ್ಟುವುದು, ದಾರಿಗೆ ಅಡ್ಡ ನಿಲ್ಲುವುದು ಶುರು ಮಾಡಿದ್ದ. ಕ್ಯಾಪ್ಟನ್ನಿಗೆ ಹೇಳಿದೆ. ಅವರು ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳದೆ ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿ ಮನೆಗೆ ಕಳಿಸಿದರು. ಹಿಂದಿನ ಹಡಗುಗಳಲ್ಲಿ ಇಂಥದ್ದಕ್ಕೆ “ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ” ಎಂಬ ಉತ್ತರ ಕೇಳಿದ್ದ ನನಗೆ ಅವರ ಮೇಲೆ ಗೌರವ ಹುಟ್ಟಿತು.

ಆ ಹಡಗಿನ ಎರಡು ಕೆಂಪು ದೀಪಗಳಲ್ಲಿ ಕೆಳಗಿನದು ಕೆಟ್ಟಿತ್ತು. ಬಲ್ಬು ಹಾಕಿದ ವಾರಕ್ಕೇ ಹೋಗುತ್ತಿತ್ತು. ಹೋಲ್ಡರ್ ಸಮೇತ ಬದಲಿಸಬೇಕು, ಅರ್ಧ ದಿನ ರೇಡಾರ್ ನಿಲ್ಲಿಸಿ ಎಂದು ಕೇಳಿದೆ. ಸಾಗುತ್ತಿರುವಾಗ ಆಗದು, ಬಂದರಿನಲ್ಲಿ ಮಾಡೋಣ ಎಂದರು. ಬಂದರಿನಲ್ಲಿ ಸರಕು ಇಳಿಸುವ ಗಡಿಬಿಡಿ, ಮುಂದಿನ ಬಂದರಿನಲ್ಲಿ ಮಾಡೋಣ ಎಂದರು. ಸಿಗ್ನಲ್ ಲ್ಯಾಂಪಿನ ಬ್ಯಾಟರಿಯೂ ಹಳೆಯದಾಗಿ, ಉರಿಸಿದ ಕೆಲವೇ ಕ್ಷಣಗಳಲ್ಲಿ ಮಂಕಾಗುತ್ತಿತ್ತು. ಹೊಸದು ಬೇಕೆಂದು ಎರಡು ಸಲ ಮೇಲ್ ಕಳಿಸಿದೆ. ಬರಲಿಲ್ಲ.

ಹೀಗಿರುವಾಗ ತಪಾಸಣೆಯವರು ಬರುತ್ತಾರೆಂದು ಸುದ್ದಿ ಬಂತು. ಕ್ಯಾಪ್ಟನ್ ನನ್ನನ್ನು ತಮ್ಮ ಕೋಣೆಗೆ ಕರೆದು, ಚಹಾ ತರಿಸಿ, ದೀಪಗಳ ತಿಂಗಳ ಪಟ್ಟಿಯನ್ನು ಮುಂದಿಟ್ಟರು.

“ಈ ಎರಡು ಸಾಲು ಖಾಲಿ ಬಿಟ್ಟಿದ್ದೀಯಲ್ಲ.”

“ಅವೆರಡೂ ಸರಿಯಿಲ್ಲ ಸರ್. ಸರಿಯಿಲ್ಲ ಅಂತಲೇ ಬರೆಯಬೇಕು.”

“ಬರೆದರೆ ಹಡಗು ಇಲ್ಲೇ ನಿಲ್ಲುತ್ತೆ. ಸಾಮಾನು ಮುಂದಿನ ಬಂದರಿಗೆ ಬರ್ತಾ ಇದೆ, ನಾನೇ ನಿಂತು ಮಾಡಿಸ್ತೀನಿ. ಅಲ್ಲಿಯವರೆಗೆ ನಾಲ್ಕು ದಿನ. ನನ್ನ ಮೇಲೆ ನಂಬಿಕೆ ಇಲ್ವಾ?”

ನಂಬಿಕೆ ಇತ್ತು. ಎರಡು ಸಾಲಿಗೂ ಟಿಕ್ ಹಾಕಿ, ಪರೀಕ್ಷಿಸಿದ್ದೇನೆ, ಸರಿಯಾಗಿವೆ ಎಂಬ ಒಕ್ಕಣೆಯ ಕೆಳಗೆ ಸಹಿ ಮಾಡಿದೆ. ತಪಾಸಣೆಗೆ ಬಂದವರು ಕಾಗದ ನೋಡಿ, ದೀಪ ಹಾಕಿಸಿ ನೋಡದೆ ಹೋದರು. ಆ ಹೊತ್ತಿಗೆ ನನಗೆ ಸಮಾಧಾನವೇ ಆಯಿತು.

ಮೂರನೆಯ ದಿನ ನಮ್ಮದೇ ಕರಾವಳಿಯ ಆಚೆ ಹೋಗುತ್ತಿದ್ದೆವು. ಮುಸ್ಸಂಜೆ ಕಳೆದು ಕತ್ತಲು ಇಳಿಯುತ್ತಿದ್ದಾಗ ಎಂಜಿನ್ ನಿಂತು ಕರೆಂಟು ಹೋಯಿತು. ತುರ್ತು ಜನರೇಟರ್ ತಾನಾಗಿ ಶುರುವಾಯಿತು. ಅದನ್ನು ನೋಡಿಕೊಂಡು ನಾನು ಮೆಟ್ಟಿಲು ಹತ್ತಿ ಬ್ರಿಜ್‌ಗೆ ಓಡಿದೆ. ಮುಖ್ಯ ಅಧಿಕಾರಿ ಅಷ್ಟರಲ್ಲಿ ಉಳಿದ ದೀಪಗಳನ್ನು ಆರಿಸಿ ಎರಡು ಕೆಂಪು ದೀಪದ ಗುಂಡಿ ಒತ್ತಿದ್ದರು. ದೀಪಗಳ ಸ್ವಿಚ್ ಬೋರ್ಡಿನಲ್ಲಿ ಮೇಲಿನದರ ಸೂಚಕ ಉರಿಯುತ್ತಿತ್ತು. ಕೆಳಗಿನದರ ಅಲಾರಂ ಕೂಗುತ್ತಿತ್ತು.

ಎಡಗಡೆಯಿಂದ ಒಂದು ಸಣ್ಣ ಮೀನುಗಾರಿಕೆ ಬೋಟು ನೇರ ನಮ್ಮ ಕಡೆಗೇ ಬರುತ್ತಿತ್ತು. ಅವರು ದಾರಿ ಬದಲಿಸುವ ಲಕ್ಷಣವಿರಲಿಲ್ಲ. ನಮ್ಮ ಕಡೆಯಿಂದ ಹಾರ್ನ್ ಹಾಕಿದರು. ಬೋಟಿನ ಎಂಜಿನ್ ಸದ್ದಿನಲ್ಲಿ ಅದು ಅವರಿಗೆ ಕೇಳಲಿಲ್ಲವೆಂದು ಆಮೇಲೆ ತಿಳಿಯಿತು. ಮುಖ್ಯ ಅಧಿಕಾರಿ ಸಿಗ್ನಲ್ ಲ್ಯಾಂಪ್ ಎತ್ತಿಕೊಂಡು ಹೊರಗೆ ಓಡಿ ಬೋಟಿನ ಕಡೆ ಹಿಡಿದರು. ಒಂದು, ಎರಡು, ಮೂರು ಸಲ ಮಿನುಗಿತು. ನಾಲ್ಕನೆಯದು ಹಳದಿಯಾಗಿತ್ತು. ಐದನೆಯದು ಬರಲೇ ಇಲ್ಲ.

“ಬ್ಯಾಟರಿ ಇಲ್ಲ ಇದರಲ್ಲಿ! ಯಾರು ನೋಡಿದ್ದು ಇದನ್ನ?” ಎಂದು ಅವರು ಕಿರುಚಿದರು.

ಕ್ಯಾಪ್ಟನ್ ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಕೆಳಗೆ, ತಗಡಿನ ಡಬ್ಬಿಯನ್ನು ಒದ್ದ ಹಾಗೆ ಒಂದು ಸದ್ದಾಯಿತು. ಅಷ್ಟು ದೊಡ್ಡ ಹಡಗಿಗೆ ಬೋಟು ಬಡಿದದ್ದು ಕಾಲಿಗೂ ತಿಳಿಯಲಿಲ್ಲ.

ರಕ್ಷಣಾ ದೋಣಿ ಇಳಿಸುವಾಗ ನಾನು ಕಂಬಿ ಹಿಡಿದು ಬಗ್ಗಿ ಟಾರ್ಚ್ ಬಿಡುತ್ತಿದ್ದೆ. ನೀರಿನಿಂದ ಒಬ್ಬ ಕೂಗುತ್ತಿದ್ದ. “ಅಣ್ಣಾ! ಅಣ್ಣಾ, ಎಲ್ಲಿದ್ದಿ?” ಹಡಗಿನಲ್ಲಿ ಕನ್ನಡದವರು ಬೇರೆ ಯಾರೂ ಇರಲಿಲ್ಲ. ಐದು ತಿಂಗಳಿಂದ ಫೋನಿನಲ್ಲಿ ಅಪ್ಪನ ಜೊತೆ ಆಡಿದ ಮಾತು ಬಿಟ್ಟರೆ ನಾನು ಕೇಳಿದ ಮೊದಲ ಕನ್ನಡ ಅದು.

ಇಬ್ಬರು ಸಿಕ್ಕರು. ಕೂಗುತ್ತಿದ್ದವನೊಬ್ಬ, ವಯಸ್ಸಾದವರೊಬ್ಬರು. ಕೂಗುತ್ತಿದ್ದವನ ಅಣ್ಣ ಸಿಗಲಿಲ್ಲ. ಬೆಳಗಿನವರೆಗೂ ಹುಡುಕಿದರು, ಆಮೇಲೆ ಕರಾವಳಿ ಕಾವಲಿನವರೂ ಬಂದು ಹುಡುಕಿದರು. ಸಿಗಲಿಲ್ಲ.

ಭಾಷೆ ಬರುವವಳು ನಾನೊಬ್ಬಳೇ ಆದ್ದರಿಂದ ಅವರಿಬ್ಬರನ್ನು ನನಗೇ ಒಪ್ಪಿಸಿದರು. ಊಟದ ಕೋಣೆಯಲ್ಲಿ ಕಂಬಳಿ ಹೊದಿಸಿ, ಬಿಸಿ ಹಾಲು ಕೊಟ್ಟೆ. ತಮ್ಮನಿಗೆ ಮೂವತ್ತರ ಆಸುಪಾಸು. ನಾನು ಕನ್ನಡದಲ್ಲಿ ಮಾತಾಡಿಸಿದ್ದಕ್ಕೆ ತಲೆ ಎತ್ತಿ ನೋಡಿದ.

“ನಿಮ್ಮದು ಯಾವ ಊರು ಮೇಡಂ?”

“ಮಧುಗಿರಿ.”

“ಅದು ಎಲ್ಲಿ ಬರ್ತದೆ?”

“ತುಮಕೂರಿನ ಕಡೆ.”

ಲೋಟ ಕೆಳಗಿಟ್ಟು ಕೇಳಿದ. “ಒಂದೇ ಕೆಂಪು ಲೈಟ್ ಕಂಡದ್ದು ನಮಗೆ. ಯಾವುದೋ ಬೋಟು, ದೂರ ಉಂಟು, ದಾಟಿ ಹೋಗುವ ಅಂತ ಅಣ್ಣ ಹೇಳಿದ. ಇಷ್ಟು ದೊಡ್ಡ ಹಡಗು. ಇನ್ನೊಂದು ಲೈಟ್ ಎಂತಕ್ಕೆ ಉರೀಲಿಲ್ಲ?”

“ಗೊತ್ತಿಲ್ಲ” ಎಂದೆ.

ಆ ಪಟ್ಟಿಗೆ ಸಹಿ ಹಾಕಿದ್ದಕ್ಕೆ ನನ್ನ ಹತ್ತಿರ ಕಾರಣಗಳಿವೆ. ಒಳ್ಳೆಯವೋ ಕೆಟ್ಟವೋ, ಯಾರಾದರೂ ಕೇಳಿದರೆ ಹೇಳಬಲ್ಲೆ. ಈ “ಗೊತ್ತಿಲ್ಲ” ಎಂಬುದಕ್ಕೆ ಯಾವ ಕಾರಣವೂ ಇಲ್ಲ. ಅಲ್ಲಿ ಕ್ಯಾಪ್ಟನ್ ಇರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಬಾಯಿಂದ ತಾನಾಗಿ ಬಂತು.

ಮರುದಿನ ಎಂಜಿನ್ ಸರಿಯಾಗಿ, ಬಂದರು ಹತ್ತಿರವಾಗಿ ಫೋನಿಗೆ ಸಿಗ್ನಲ್ ಸಿಕ್ಕಿದಾಗ ಅವನು ನನ್ನ ಫೋನಿನಿಂದ ಮನೆಗೆ ಮಾತಾಡಿದ. ತಾಯಿ ಅಳುವುದು ನನಗೂ ಕೇಳಿಸಿತು.

ವಿಚಾರಣೆಯವರು ಬರುವ ಮುಂಚೆ ಕ್ಯಾಪ್ಟನ್ ಮತ್ತೆ ಕರೆದರು. ಈ ಸಲ ಚಹಾ ಇರಲಿಲ್ಲ. “ಎಂಜಿನ್ ನಿಂತಾಗ ಕರೆಂಟ್ ಏರುಪೇರಾಗಿ ಬಲ್ಬು ಹೋಗಿರಬೇಕು. ಅದುವರೆಗೂ ಸರಿಯಾಗಿತ್ತು ಅಂತ ಹೇಳು. ಇಬ್ಬರೂ ಉಳಿದುಕೊಳ್ತೀವಿ” ಎಂದರು. ಹಾಗೆಯೇ ಹೇಳಿದೆ. ಅಧಿಕಾರಿಯೊಬ್ಬರು ಅದನ್ನು ಬರೆದುಕೊಂಡು, ಓದಿ ಹೇಳಿ, ಸಹಿ ಮಾಡಿಸಿಕೊಂಡರು.

ಉಳಿದದ್ದು ಒಬ್ಬರು. ಕೆಳಗಿನ ದೀಪವನ್ನು ಬಿಚ್ಚಿ ನೋಡಿದವರಿಗೆ ಹೋಲ್ಡರಿನಲ್ಲಿ ತಿಂಗಳುಗಟ್ಟಲೆ ಹಳೆಯ ಕಿಲುಬು ಕಂಡಿತು. ಅದು ಒಂದು ಸಂಜೆಯಲ್ಲಿ ಹಿಡಿಯುವಂಥದ್ದಲ್ಲ. ಆಗ ಕ್ಯಾಪ್ಟನ್ ನನ್ನ ಪಟ್ಟಿ ತೆಗೆದು ಕೊಟ್ಟು, “ಎಲೆಕ್ಟ್ರಿಕಲ್ ಆಫೀಸರ್ ಸಹಿಯನ್ನು ನಂಬಿ ಹಡಗು ನಡೆಸಿದೆ” ಎಂದು ಬರೆದುಕೊಟ್ಟರು. ನಾನು ಬ್ಯಾಟರಿಗಾಗಿ ಕಳಿಸಿದ ಎರಡು ಮೇಲ್‌ಗಳು ಹಡಗಿನ ಕಂಪ್ಯೂಟರಿನಲ್ಲಿದ್ದವು. ನನ್ನನ್ನು ಆಗಲೇ ಇಳಿಸಿಯಾಗಿತ್ತು, ಅವನ್ನು ತೆಗೆದು ತೋರಿಸುವ ದಾರಿ ಇರಲಿಲ್ಲ. ಕಂಪನಿಯ ಪತ್ರದಲ್ಲಿ ‘ನಿರ್ವಹಣೆಯಲ್ಲಿ ನಿರ್ಲಕ್ಷ್ಯ’ ಎಂದಿತ್ತು. ಕ್ಯಾಪ್ಟನ್ ಕೆಲವೇ ತಿಂಗಳಲ್ಲಿ ಬೇರೆ ಹಡಗು ಹತ್ತಿದರು ಎಂದು ಕೇಳಿದೆ. ನನ್ನನ್ನು ಯಾವ ಕಂಪನಿಯೂ ಕರೆಯಲಿಲ್ಲ. ಅರ್ಜಿ ಹಾಕಿದ ಕಡೆಗಳಲ್ಲಿ ಹಿಂದಿನ ಹಡಗಿನ ಹೆಸರು ಹೇಳುತ್ತಿದ್ದಂತೆ ಮಾತು ನಿಲ್ಲುತ್ತಿತ್ತು.

ಕೊನೆಗೆ ಮಧುಗಿರಿಗೆ ಬಂದು ಹದಿನೈದು ದಿನ ಅಪ್ಪನಿಗೆ ಏನೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಒಂದು ದಿನ ಮಧ್ಯಾಹ್ನ ಜಗಲಿಯ ಮೇಲೆ ಕೂತು ಅವರು ಹಳೇ ಫ್ಯಾನ್ ಬಿಚ್ಚುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಸ್ಕ್ರೂಡ್ರೈವರ್ ಕೆಳಗಿಡದೆ ಕೇಳಿಸಿಕೊಂಡರು.

“ಸೈನು ಯಾರ್ದು?”

“ನಂದೇ. ಆದ್ರೆ ಅವ್ರು ಬರೆಸಿದ್ರು ಅಪ್ಪ.”

“ಅವ್ನ್ ಬರೆಸ್ದ. ಪೆನ್ನು ಯಾರ ಕೈಲಿತ್ತು?”

ನನಗೆ ರೇಗಿತು. “ನಾನೊಬ್ಬಳೇನಾ ತಪ್ಪು ಮಾಡಿದ್ದು? ಅವರಿಗೇನೂ ಇಲ್ವಾ? ಅವರು ಇವತ್ತೂ ಹಡಗು ನಡೆಸ್ತಿದಾರೆ!”

“ಅವ್ನು ಕಳ್ಳ, ಬುಡು. ಅವ್ನು ನನ್ ಮಗ ಅಲ್ಲ, ಅವ್ನಿಗೆ ನಾನೇನೇಳ್ಲಿ? ಮನುಷ್ಯ ಸತ್ತವ್ನೆ ಕಣಮ್ಮ. ಅವರ ಮನೇರಿಗೆ ಗೊತ್ತಾ, ಯಾಕ್ ಸತ್ತ ಅಂತ?”

“ಇಲ್ಲ.”

“ಹೋಗಿ ಹೇಳ್ಬುಟ್ಟು ಬಾ.”

ಸಮಾಧಾನ ಹೇಳುತ್ತಾರೆಂದು ಕಾದಿದ್ದ ನನಗೆ ಆ ಮಾತು ಚುಚ್ಚಿತು. ಎರಡು ವಾರ ಅವರ ಜೊತೆ ಮಾತು ಬಿಟ್ಟೆ. ಆ ದಿನಗಳಲ್ಲಿ ನಡೆದದ್ದನ್ನೆಲ್ಲ ಬರೆದು, ನಾನು ವಿಚಾರಣೆಯಲ್ಲಿ ಹೇಳಿದ್ದು ಸುಳ್ಳೆಂದೂ ಸೇರಿಸಿ, ವಿಚಾರಣೆಯವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದೆ. ಪ್ರಕರಣ ಮುಕ್ತಾಯವಾಗಿದೆ ಎಂದು ಎರಡು ಸಾಲಿನ ಉತ್ತರ ಬಂತು. ಸುಳ್ಳು ಹೇಳುವಾಗ ಅಷ್ಟು ಜನ ಸುತ್ತ ಕೂತು ಕೇಳಿದ್ದರು. ನಿಜ ಹೇಳುವ ಹೊತ್ತಿಗೆ ಕೇಳುವವರು ಎದ್ದು ಹೋಗಿದ್ದರು.

ಆಮೇಲೆ ಶಿರಾಕ್ಕೆ ಹೋಗಿ, ಅಲ್ಲಿಂದ ಮೂರು ಬಸ್ಸು ಬದಲಿಸಿ ಕರಾವಳಿಗೆ ಹೋದೆ. ಬೋಟಿನ ಆ ತಮ್ಮನ ಮನೆಯ ನಂಬರು ನನ್ನ ಫೋನಿನಲ್ಲಿ ಉಳಿದಿತ್ತು. ಬರುತ್ತೇನೆಂದು ತಿಳಿಸಿದ್ದೆ. ಅವನು ಬಸ್ ನಿಲ್ದಾಣಕ್ಕೆ ಬಂದಿದ್ದ. ಮನೆಗೆ ಹೋಗುವ ದಾರಿಯಲ್ಲಿ, ಬಲೆ ಒಣಗಿಸಿದ್ದ ಬಯಲಿನಲ್ಲಿ ನಿಲ್ಲಿಸಿ ಹೇಳಿದೆ. ದೀಪ ಮೊದಲೇ ಕೆಟ್ಟಿತ್ತು, ನನಗೆ ಗೊತ್ತಿತ್ತು, ಸರಿಯಿದೆ ಎಂದು ಸಹಿ ಮಾಡಿದ್ದೆ, ಆ ರಾತ್ರಿ ನೀವು ಕೇಳಿದಾಗ ಸುಳ್ಳು ಹೇಳಿದೆ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಸಮುದ್ರದ ಕಡೆ ತಿರುಗಿ ನಿಂತ.

“ಆವತ್ತೇ ಅಂದಾಜಾಗಿತ್ತು” ಎಂದ. “ನಿಮ್ಮ ಮುಖ ನೋಡಿ ಮತ್ತೆ ಕೇಳಲಿಲ್ಲ ನಾನು. ಆದ್ರೆ ಅಮ್ಮನ ಹತ್ರ ಹೇಳಬೇಡಿ.”

“ಹೇಳೋಕೇ ಬಂದದ್ದು ನಾನು.”

“ಕನ್ನಡದ ಹುಡುಗಿ ಒಬ್ಬಳು ನಮ್ಮನ್ನು ಎತ್ತಿದಳು, ಹಾಲು ಕೊಟ್ಟಳು ಅಂತ ಹೇಳಿದ್ದೇನೆ ನಾನು. ಇವತ್ತು ಅವಳು ಬರ್ತಾಳೆ ಅಂತ ಬೆಳಿಗ್ಗೆಯಿಂದ ಅಡುಗೆ ಮಾಡ್ತಿದ್ದಾರೆ. ನೀವು ಹೇಳಿ ಬಸ್ಸು ಹತ್ತಿ ಹೋಗ್ತೀರಿ. ಆಮೇಲೆ ಅವರ ಜೊತೆ ಇರುವವ ನಾನು.”

ಅವನ ಹಿಂದೆ ಮನೆಯ ಕಡೆ ನಡೆದೆ.

ಚಿಕ್ಕ ಮನೆ. ಗೋಡೆಯ ಮೇಲೆ ಅಣ್ಣನ ಫೋಟೋ. ತಾಯಿ ಬಾಗಿಲಿಗೇ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. “ಬಾ ಮಗಾ. ಇವನನ್ನಾದರೂ ಉಳಿಸಿಕೊಟ್ಟೆಯಲ್ಲ” ಎಂದರು. ತಮ್ಮ ನನ್ನ ಮುಖ ನೋಡಲಿಲ್ಲ. ಕುಚ್ಚಲಕ್ಕಿ ಅನ್ನ, ಮೀನು ಸಾರು ಬಡಿಸಿದರು. ಮುಳ್ಳು ತೆಗೆದು ತಿನ್ನಲು ನನಗೆ ಬಾರದ್ದು ನೋಡಿ ಪಕ್ಕದಲ್ಲಿ ಕೂತು ತಾವೇ ಬಿಡಿಸಿ ಎಲೆಯ ಅಂಚಿಗೆ ಇಡುತ್ತ ಹೋದರು. ಒಂದು ತುತ್ತೂ ಬಿಡದೆ ಉಂಡೆ.

ಊರಿಗೆ ಬಂದಾಗ ಅಪ್ಪ ಗೇಟಿನ ಹತ್ತಿರವೇ ಕೇಳಿದರು. “ಹೇಳ್ದಾ?”

“ತಮ್ಮನಿಗೆ ಹೇಳಿದೆ. ತಾಯಿಗೆ ಹೇಳಲಿಲ್ಲ. ಅವನೇ ಬೇಡ ಅಂದ.”

ಅಪ್ಪ ಒಳಗೆ ಹೋದರು. ಆಮೇಲೆ ಆ ವಿಷಯ ಅವರು ಎತ್ತಿಲ್ಲ, ನಾನೂ ಎತ್ತಿಲ್ಲ.

ಸೋಲಾರ್ ಪಾರ್ಕಿನಲ್ಲೂ ಪಟ್ಟಿಗಳಿವೆ, ಟಿಕ್ ಹಾಕುವ ಚೌಕಗಳಿವೆ. ನಾನು ಕಣ್ಣಾರೆ ನೋಡದ್ದಕ್ಕೆ ಸಹಿ ಹಾಕುವುದಿಲ್ಲ. “ಆಯಮ್ಮ ಶಾನೆ ಸ್ಟ್ರಿಕ್ಟು” ಎಂದು ಹಿಂದಿನಿಂದ ಆಡಿಕೊಳ್ಳುತ್ತಾರೆ, ಮೇಲಿನವರಿಗೆ ದೂರೂ ಹೋಗಿದೆ. ಇದರಲ್ಲಿ ಹೆಮ್ಮೆಪಡುವಂಥದ್ದೇನೂ ಇಲ್ಲ. ಒಬ್ಬ ಮನುಷ್ಯ ಹೋದ ಮೇಲೆ ಕಲಿತ ಪಾಠ ಅದು.

ಆ ತಾಯಿ ನನ್ನ ನಂಬರನ್ನು ಇಟ್ಟುಕೊಂಡಿದ್ದಾರೆ. ತಿಂಗಳಿಗೊಮ್ಮೆ, ಕೆಲವು ಸಲ ಎರಡು ಸಲ, ಫೋನ್ ಮಾಡುತ್ತಾರೆ. ಮಳೆ ಬಂತಾ, ಊಟ ಆಯ್ತಾ, ಮದುವೆ ಯಾವಾಗ ಎಂದು ಕೇಳುತ್ತಾರೆ. ಒಮ್ಮೆ ಮಾತಿನ ನಡುವೆ, “ದೊಡ್ಡವನು ಇದ್ದಿದ್ದರೆ ನಿನ್ನನ್ನೇ ಸೊಸೆ ಮಾಡಿಕೊಳ್ತಿದ್ದೆ” ಎಂದು ನಕ್ಕರು, ನಕ್ಕು ಅತ್ತರು. ಪ್ರತಿ ಸಲವೂ ಈ ಬಾರಿ ಹೇಳಿಬಿಡುತ್ತೇನೆ ಎಂದುಕೊಂಡೇ ಫೋನ್ ಎತ್ತುತ್ತೇನೆ. ಆಯ್ತು ಅಮ್ಮ, ಊಟ ಆಯ್ತು, ನಿಮ್ಮದಾಯ್ತಾ ಎಂದು ಕೇಳಿ ಇಡುತ್ತೇನೆ.